ಒಲೆಯಿಲ್ಲದ ದಂಡೆ

ನಮ್ಮೂರಿನ ಮೂಡಣ ದಂಡೆಯ ಮನೆಗಳಲ್ಲಿ ಒಲೆ ಇಲ್ಲ. ನಾನು ಮದುವೆಯಾಗಿ ಬಂದ ಮರುದಿನ ಅಡುಗೆಮನೆ ಎಲ್ಲಿ ಎಂದು ಕೇಳಿದ್ದಕ್ಕೆ ನಮ್ಮತ್ತೆ ಸಾವಂತ್ರೆವ್ವ ಹಿತ್ತಿಲ ಬಾಗಿಲು ತೆರೆದು ಕಮರಿಯ ಆಚೆಗೆ ಕೈ ತೋರಿಸಿದರು. ಅಲ್ಲಿ, ಪಡುವಣ ದಂಡೆಯ ಬಂಡೆಗೆ ಆತುಕೊಂಡ ಗುಡಿಸಲುಗಳಿಂದ ಹೊಗೆ ಏಳುತ್ತಿತ್ತು. ಅದಕ್ಕೆ ಒಲೆಕೇರಿ ಎನ್ನುತ್ತಾರೆ. ನಮ್ಮ ದಂಡೆಯ ಹೆಂಗಸರೆಲ್ಲ ಹಿಟ್ಟು, ಬೇಳೆ, ಸೊಪ್ಪು ಹೊತ್ತುಕೊಂಡು ಸೇತುವೆ ದಾಟಿ ಹೋಗಿ, ಅಲ್ಲಿ ಬೇಯಿಸಿ, ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಪಲ್ಯದ ಗಡಿಗೆಗೆ ಕಂಬಳಿ ಹೊದಿಸಿ ಮನೆಗೆ ಬರಬೇಕು. ಬಿಸಿ ಎನ್ನುವುದು ನಮ್ಮ ದಂಡೆಗೆ ದೂರದೂರಿನ ಸುದ್ದಿ ಇದ್ದ ಹಾಗೆ. ಬಂದು ಮುಟ್ಟುವಷ್ಟರಲ್ಲಿ ಆರಿರುತ್ತದೆ.

ಇದೆಲ್ಲ ಸೇತುವೆಗಾಗಿ. ಎರಡು ದಂಡೆಗಳ ನಡುವೆ ತೂಗುವ ಆ ಸೇತುವೆಯನ್ನು ಹಿಡಿದಿರುವುದು ಗಾಜುಗಬ್ಬಿಣದ ಪಟ್ಟಿಗಳು. ಅಂಗೈ ಅಗಲ, ಕನ್ನಡಿಯಂಥ ಹೊಳಪು, ಬಗ್ಗಿಸಿದರೆ ಬೆತ್ತದ ಹಾಗೆ ಚಿಮ್ಮಿ ಹಿಂದಕ್ಕೆ ಬರುತ್ತವೆ. ಆಚೆ ಅವುಗಳ ತುದಿಯನ್ನು ಬಂಡೆಗೆ ಬಿಗಿದಿದ್ದಾರೆ. ಈಚೆ ಅವು ಕಲ್ಲಿನ ಕಾಲುವೆಯೊಳಗೆ ಇಳಿದು, ನಮ್ಮ ಓಣಿಯ ಮನೆಗಳ ಅಡಿಯಿಂದಲೇ ಹಾದು, ಗುಡ್ಡದ ಹೊಟ್ಟೆಯಲ್ಲಿ ಕೊನೆಯಾಗುತ್ತವೆ. ನಮ್ಮ ಪಡಸಾಲೆಯ ಹಾಸುಗಲ್ಲಿನ ಕೆಳಗೂ ಒಂದು ಪಟ್ಟಿ ಇದೆ. ಈ ಲೋಹಕ್ಕೆ ಬೆಂಕಿ ಆಗದು ಎಂದು ಹಿರಿಯರು ಕಂಡುಕೊಂಡಿದ್ದರು. ಅದಕ್ಕೇ ಪಟ್ಟಿ ಹಾದ ದಂಡೆಯಲ್ಲಿ ಒಲೆ ನಿಷಿದ್ಧ. ದೀಪಕ್ಕೆ ಒಂದೇ ಬತ್ತಿ. ಸ್ನಾನಕ್ಕೆ ಬಿಸಿಲಲ್ಲಿ ಕಾಯಿಸಿದ ನೀರು. ಹೆರಿಗೆಗೆ ಆಚೆ ಹೋಗಬೇಕು, ಬಾಣಂತನ ಮುಗಿಸಿಯೇ ಬರಬೇಕು. ಚಹಾದ ಸಿದ್ರಾಮ ಮಾತ್ರ ಕಿಟಲಿಗೆ ರಜಾಯಿ ತುಂಡು ಸುತ್ತಿಕೊಂಡು ಸೇತುವೆಯ ಮೇಲೆ ಓಡೋಡುತ್ತ ಬರುತ್ತಿದ್ದ. ಅವನ ಚಹಾ ಬೆಚ್ಚಗಿದ್ದ ದಿನ ಇಡೀ ಓಣಿಯೇ ಸಂತೋಷವಾಗಿರುತ್ತಿತ್ತು.

ನನ್ನ ಗಂಡ ಮುರಿಗೆಪ್ಪನವರದು ಪಟ್ಟಿ ನೋಡುವ ಕೆಲಸ. ಪಟ್ಟಿ ಎರಕ ಹೊಯ್ದಾಗಲೇ ಅದೇ ಲೋಹದ ತೆಳು ಚೂರುಗಳನ್ನು ಕಾಲುವೆಯೊಳಗೆ ಪಟ್ಟಿಯ ಮೈಗೆ ಹತ್ತಿಸಿ ಇಟ್ಟಿರುತ್ತಾರೆ. ಪಟ್ಟಿ ಉಂಡದ್ದನ್ನೆಲ್ಲ ಅವೂ ಉಣ್ಣುತ್ತವೆ. ಹಂಗಾಮು ಬದಲಾದಾಗ ಒಂದೊಂದು ಮನೆಯಡಿಯಿಂದ ಚೂರು ತೆಗೆದು ಸೇತುವೆಯ ಬಾಯಲ್ಲಿ ಎಲ್ಲರೆದುರು ಬಗ್ಗಿಸುವುದು ವಾಡಿಕೆ. ತುದಿಗೆ ತುದಿ ಮುಟ್ಟಬೇಕು, ಬಿಟ್ಟರೆ ನೆಟ್ಟಗಾಗಬೇಕು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಯಾರಾದರೂ ಬೆಲ್ಲ ಹಂಚುತ್ತಿದ್ದರು.

ಆ ವರ್ಷ ಬೇಸಿಗೆ ಹತ್ತುವ ಮುಂಚೆ ನನ್ನ ಗಂಡ ಚೂರು ಬಗ್ಗಿಸಿದಾಗ ಅದು ಅರ್ಧಕ್ಕೆ ಬಂದು ಒಣ ಕಡ್ಡಿಯ ಹಾಗೆ ಲಟಕ್ಕನೆ ಮುರಿಯಿತು. ಅದು ನಮ್ಮ ಓಣಿಯ ಚೂರು. ಅವರು ಎರಡು ತುಂಡುಗಳನ್ನೂ ಅಂಗೈಯಲ್ಲಿ ಹಿಡಿದುಕೊಂಡರು. ಬೆಲ್ಲದ ಬುಟ್ಟಿ ತಂದಿದ್ದವಳು ಅದನ್ನು ಸೆರಗಿನಡಿ ಮುಚ್ಚಿಕೊಂಡಳು. ಸೇತುವೆಯ ಯಜಮಾನರಾದ ಚೆನ್ನವೀರಪ್ಪನವರು ತುಂಡೊಂದನ್ನು ಎತ್ತಿ, ಮುರಿದ ಕಡೆ ಉಗುರಾಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಈ ಓಣ್ಯಾಗ ಯಾರೋ ಒಲಿ ಹಚ್ಚ್ಯಾರ."

ಅಂದಿನಿಂದ ನಮ್ಮ ಓಣಿಯಲ್ಲಿ ಯಾರೂ ನೆಮ್ಮದಿಯಾಗಿ ಉಸಿರಾಡಲಿಲ್ಲ. ಮಾತಿಗೆ ನಿಂತವರು ಮೊದಲು ಗಾಳಿ ಮೂಸುತ್ತಿದ್ದರು. ಯಾರದೋ ಮಗು ಬೆಚ್ಚಗಿದೆ ಎಂದರೆ ಜ್ವರವೋ ಅಥವಾ ಇನ್ನೇನೋ ಎಂದು ಎತ್ತಿಕೊಂಡು ನೋಡುತ್ತಿದ್ದರು. ಪಕ್ಕದ ಮನೆಯ ದ್ಯಾಮವ್ವ ಮುಂಚೆ ಬೆಳಿಗ್ಗೆ ನನ್ನನ್ನು ಕೂಗಿ ಕರೆದು ಜೊತೆಗೆ ಸೇತುವೆ ದಾಟುತ್ತಿದ್ದವಳು, ಈಗ ನನ್ನನ್ನು ಮುಂದೆ ಬಿಟ್ಟು ಹಿಂದಿನಿಂದ ಬರತೊಡಗಿದಳು. ನನ್ನ ಬುಟ್ಟಿಯಲ್ಲಿ ಏನೇನಿದೆ ಎಂದು ನೋಡಲಿಕ್ಕೆ. ನಾನೂ ಕಡಿಮೆಯಿರಲಿಲ್ಲ. ಆಕೆಯ ಮನೆಯಲ್ಲಿ ಒಗ್ಗರಣೆಯ ವಾಸನೆ ಬಂತೇ ಎಂದು ಗೋಡೆಗೆ ಕಿವಿ ಕೊಟ್ಟ ಹಾಗೆ ಮೂಗು ಕೊಟ್ಟು ನಿಂತದ್ದುಂಟು. ಓಣಿಯ ತುದಿಯ ದರ್ಜಿ ಫಕೀರಸಾಬರ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಅದಕ್ಕೆ ಅವರು ಆಚೆ ದಂಡೆಯಲ್ಲೇ ಕೆಂಡ ತುಂಬಿ, ಅಲ್ಲೇ ಬಟ್ಟೆಗೆ ತಿಕ್ಕಿ, ಬೂದಿ ಚೆಲ್ಲಿಯೇ ಈಚೆ ಬರುತ್ತಿದ್ದರು. ಆದರೂ ಜನ ಪೆಟ್ಟಿಗೆಯನ್ನು ಮುಟ್ಟಿ ನೋಡದೆ ಅವರನ್ನು ಮುಂದೆ ಬಿಡುತ್ತಿರಲಿಲ್ಲ. ಮೂರು ಅಂತಸ್ತಿನ ಚೆನ್ನವೀರಪ್ಪನವರ ಮನೆಯನ್ನು ಮಾತ್ರ ಯಾರೂ ಮೂಸಲಿಲ್ಲ.

ಮನೆಯೊಳಗೂ ಹಾಗೆಯೇ ಆಗತೊಡಗಿತು. ಗಂಡ ಹೊರಗಿನಿಂದ ಬಂದವರು ಮೊದಲು ಪಡಸಾಲೆಯಲ್ಲಿ ಕೂತು ಹಾಸುಗಲ್ಲಿನ ಮೇಲೆ ಅಂಗೈ ಊರುತ್ತಿದ್ದರು. ಒಂದು ಕಡೆ ಊರಿ, ಸ್ವಲ್ಪ ಸರಿದು ಮತ್ತೊಂದು ಕಡೆ ಊರಿ, ಆಮೇಲೆ ತಲೆಯೆತ್ತಿ ಮಾಳಿಗೆಯ ತೊಲೆ ನೋಡುತ್ತಿದ್ದರು. ನಾನು ಒಳಬಾಗಿಲಲ್ಲಿ ನಿಂತಿರುತ್ತಿದ್ದೆ. ತಾವಿಲ್ಲದಾಗ ಇವಳು ಇಲ್ಲಿ ಬೆಂಕಿ ಹಾಕಿದ್ದಳೇ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ. ಒಂದು ದಿನ ಅವರ ಅಂಗಿಯ ತೋಳಿಗೆ ಮಸಿ ಹತ್ತಿದ್ದು ಕಂಡೆ. ಒಗೆಯಲು ಹಾಕಿದಾಗ ಮೂಸಿದೆ, ಇದ್ದಿಲ ವಾಸನೆ. ಪಟ್ಟಿ ನೋಡುವವರಿಗೆ ಇದ್ದಿಲೇಕೆ ಎಂಬುದು ತಲೆಯೊಳಗೆ ಹೊಕ್ಕದ್ದು ಹೊರಗೆ ಬರಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಇಬ್ಬರೂ ಒಬ್ಬರನ್ನೊಬ್ಬರು ಮೂಸುತ್ತಿದ್ದೆವು ಎಂದರೆ ಸುಳ್ಳಲ್ಲ.

ಅತ್ತೆಗೆ ಆಗ ಎದೆಗೆ ಕಫ ಕಟ್ಟಿತ್ತು. ಗಾಳಿ ಬೆಳಕು ಇರಲೆಂದು ನನ್ನ ಗಂಡ ಅವರಿಗಾಗಿಯೇ ಹಿಂದಿನ ವರ್ಷ ಮಾಳಿಗೆಯ ಮೇಲೆ ಕಲ್ಲಿನ ಕೋಣೆ ಕಟ್ಟಿಸಿದ್ದರು. ಸೇತುವೆ ಬಂದ ಮೇಲೆ ಆಚೆಯ ಪೇಟೆಯ ವ್ಯಾಪಾರ ಕುದುರಿ ಓಣಿಯ ಎಲ್ಲರ ಮನೆಯ ಮೇಲೂ ಇಂಥದೊಂದು ಕೋಣೆ ಎದ್ದಿತ್ತು. ಬಿಸಿನೀರು ಕುಡಿದರೆ ಅತ್ತೆಗೆ ಉಸಿರು ಸಲೀಸಾಗುತ್ತಿತ್ತು. ನಾನು ಒಲೆಕೇರಿಯಲ್ಲಿ ನೀರು ಕುದಿಸಿ, ಗಡಿಗೆಯನ್ನು ಹೊಟ್ಟಿನ ಬುಟ್ಟಿಯಲ್ಲಿ ಹೂತು, ಮೇಲೆ ಎರಡು ಕಂಬಳಿ ಬಿಗಿದು, ಸೇತುವೆಯ ಮೇಲೆ ಓಡಿ ಬರುತ್ತಿದ್ದೆ. ಮೆಟ್ಟಿಲು ಹತ್ತಿ ಬುಟ್ಟಿ ಬಿಚ್ಚಿದರೆ ಇನ್ನೂ ಹಬೆಯಾಡುತ್ತಿತ್ತು. ಆ ಹಬೆಯನ್ನು ನೋಡಿ ಅತ್ತೆ ಮಗುವಿನ ಹಾಗೆ ನಗುತ್ತಿದ್ದರು.

ಒಂದು ದಿನ ದ್ಯಾಮವ್ವ ಅತ್ತೆಯನ್ನು ಮಾತಾಡಿಸಲು ಬಂದಳು. ನಾನು ಮನೆಯಲ್ಲಿರಲಿಲ್ಲ. ಹೇಗಿದೀರಿ ಎಂದು ಕೇಳಿದ್ದಕ್ಕೆ ಅತ್ತೆ, ನನ್ನ ಸೊಸೆ ಬಂಗಾರದಂಥವಳು, ದಿನಾಲು ಹಬೆಯಾಡುವ ನೀರು ಕೊಡುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಧ್ಯಾಹ್ನದೊಳಗೆ ಹಬೆಯ ಮಾತು ಓಣಿ ತುಂಬಿತು. ಸಂಜೆಗೆ ಚೆನ್ನವೀರಪ್ಪನವರ ಕಡೆಯ ಜನ ಮನೆ ನೋಡಲು ಬಂದರು. ಕಾಳಿನ ಮಡಕೆಗಳನ್ನು ಕೆಳಗಿಳಿಸಿದರು, ಹಾಸಿಗೆ ಕೊಡವಿದರು. ಬುಟ್ಟಿಯೊಳಗಿನ ನೀರಿನ ಗಡಿಗೆಯ ತಳದಲ್ಲಿ ಮಸಿ ಸಿಕ್ಕಿತು. ನಮ್ಮ ದಂಡೆಯ ಯಾವ ಮನೆಯ ಗಡಿಗೆಯ ತಳ ನೋಡಿದರೂ ಮಸಿ ಇದೆ. ಎಲ್ಲವೂ ಆಚೆಯ ಒಲೆಯ ಮೇಲೆ ಕೂತು ಬಂದವೇ. ಹಾಗೆಂದು ಹೇಳಿದೆ. ಅವರು ತಲೆಯಾಡಿಸಿ ಗಡಿಗೆಯನ್ನು ಮಾತ್ರ ತೆಗೆದುಕೊಂಡು ಹೋದರು. ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದರು. ಹುಡುಕುವವರು ಮಾಳಿಗೆಯ ಮೆಟ್ಟಿಲು ಹತ್ತುವಾಗ ಮಾತ್ರ ಅವರ ಮುಖದಲ್ಲಿ ಏನೋ ಹಾದುಹೋಯಿತು. ಭಯವೇ ಅದು. ಮೇಲೆ ಏನಾದರೂ ಸಿಗುತ್ತದೆಂದು ಇವರು ಹೆದರಿದರೇ, ಹಾಗಾದರೆ ಇವರೇ ಏನಾದರೂ ಇಟ್ಟಿದ್ದಾರೆಯೇ ಎಂದುಕೊಂಡೆ. ಮೇಲೆ ಏನೂ ಸಿಗಲಿಲ್ಲ. ಕಲ್ಲಿನ ಗೋಡೆ, ಮಂಚ, ಅದರ ಮೇಲೆ ಅತ್ತೆ.

ಮರುದಿನ ಸೇತುವೆಯ ಬಾಯಲ್ಲಿ ಪಂಚಾಯಿತಿ ಸೇರಿತು. ನನ್ನನ್ನು ಕೇಳಿದರು, ನಾನು ಬುಟ್ಟಿ, ಹೊಟ್ಟು, ಕಂಬಳಿಗಳ ಕಥೆ ಹೇಳಿದೆ. ಅಷ್ಟು ದೂರ ನೀರು ಕುದಿಯುತ್ತ ಬರುತ್ತದೆಯೇ ಎಂದು ಯಾರೋ ಕೇಳಿದರು, ಸಿದ್ರಾಮನ ಚಹಾವೇ ಬರುವುದಿಲ್ಲ ಎಂದು ಇನ್ಯಾರೋ ನಕ್ಕರು. ಈಗಲೇ ಬುಟ್ಟಿ ಕೊಡಿ, ಕುದಿಸಿ ತಂದು ತೋರಿಸುತ್ತೇನೆ ಎಂದೆ. ಆ ಮಾತು ಯಾರಿಗೂ ಬೇಕಿರಲಿಲ್ಲ. ತೋಳಿನ ಮಸಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ಜನರ ಕಣ್ಣು ನನ್ನಿಂದ ಅವರ ಕಡೆಗೆ ತಿರುಗುತ್ತಿತ್ತು. ನುಂಗಿಕೊಂಡೆ. ಅವರು ಏನು ಮಾಡಿದ್ದರೂ ನನ್ನವರು, ಅತ್ತೆಗೆ ಒಬ್ಬನೇ ಮಗ ಎಂದುಕೊಂಡೆ.

ಚೆನ್ನವೀರಪ್ಪನವರು ಕಠಿಣವಾಗಿ ಮಾತಾಡಲಿಲ್ಲ. ಮುಪ್ಪಿನ ಜೀವಕ್ಕಾಗಿ ಮಾಡಿದ್ದು, ಪಾಪ, ಎಂದರು. ನನ್ನ ಹೆಸರು ಹಿಡಿದು, ಬೇಸಿಗೆ ಕಳೆದು ಚಳಿ ಬಂದು ಪಟ್ಟಿ ಸುಧಾರಿಸುವ ತನಕ ಬಾಳವ್ವ ಆಚೆ ದಂಡೆಯಲ್ಲಿರಲಿ, ಸೇತುವೆ ತುಳಿಯುವುದು ಬೇಡ, ಇಷ್ಟೇ ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನಿಮ್ಮ ಮನೀ ಮಾತು. ನೀವ ಹೇಳ್ರಿ, ಮುರಿಗೆಪ್ಪ" ಎಂದರು.

ಅವರು ನೆಲ ನೋಡುತ್ತಿದ್ದರು. "ಹಿರ್ಯಾರು ಹೇಳಿದಂಗ ಆಗ್ಲಿ" ಎಂದರು.

ನಾನು ಅದೇ ದಿನ ಎರಡು ಸೀರೆ ಗಂಟು ಕಟ್ಟಿಕೊಂಡು ದಾಟಿದೆ. ಒಲೆಕೇರಿಯ ತುದಿಯಲ್ಲಿ ಎರಕದ ಗುರುಬಸಯ್ಯನವರ ಕುಲುಮೆ ಇದೆ. ಪಟ್ಟಿ ಹೊಯ್ಯುವವರು ಅವರೇ. ಅವರ ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಗುಡಿಸಲು ಖಾಲಿ ಬಿದ್ದಿತ್ತು. ಅವರ ಮಗಳು ಅದನ್ನು ಸಾರಿಸಿ ನನಗೆ ಬಿಟ್ಟುಕೊಟ್ಟಳು. ಮದುವೆಯಾದ ಮೇಲೆ ಮೊದಲ ಸಲ ಹಂಚಿನಿಂದ ಇಳಿದ ರೊಟ್ಟಿಯನ್ನು ಇಳಿದಲ್ಲೇ ಕೂತು ತಿಂದೆ. ಬಾಯಿ ಸುಟ್ಟಿತು. ಅತ್ತು ತಿಂದೆ. ದಿನಾ ಬೆಳಿಗ್ಗೆ ನಮ್ಮ ಓಣಿಯ ಹೆಂಗಸರು ಬರುತ್ತಿದ್ದರು. ನನ್ನ ಒಲೆಯ ಎಡಬಲದ ಒಲೆಗಳನ್ನು ಬಿಟ್ಟು ಕೂಡುತ್ತಿದ್ದರು, ನಾನು ಎದ್ದು ಹತ್ತಿರ ಹಾದರೆ ಗಡಿಗೆಯ ಮುಚ್ಚಳ ಸರಿಮಾಡುತ್ತಿದ್ದರು. ಫಕೀರಸಾಬರ ಸೊಸೆ ಜೈತುನ್ ಒಬ್ಬಳು ಬಂದು, ಅತ್ತೆಗೆ ಈಗ ನೀರು ತಾನು ಒಯ್ಯುತ್ತಿದ್ದೇನೆ, ಅಷ್ಟು ಬಿಸಿ ಉಳಿಯುವುದಿಲ್ಲ, ಹೊಟ್ಟು ಹೇಗೆ ತುಂಬುತ್ತಿದ್ದಿರಿ ಹೇಳಿ ವೈನಿ ಎಂದು ಕೇಳಿದಳು. ಅವಳಿಗೆ ಕಲಿಸಿಕೊಟ್ಟೆ. ಗಂಡ ಬರಲಿಲ್ಲ. ಜೋಳದ ಹಿಟ್ಟನ್ನು ಸಿದ್ರಾಮನ ಕೈಲಿ ಕಳಿಸುತ್ತಿದ್ದರು.

ಬೇಸಿಗೆ ಬಲಿತಾಗ ಒಂದು ಬೆಳಿಗ್ಗೆ ಸೇತುವೆ ತುಂಬ ಹೆಂಗಸರು ಅಡುಗೆ ಹೊತ್ತು ಮರಳುತ್ತಿದ್ದರು. ಬಂಡೆ ಸೀಳಿದಂಥ ಸದ್ದು ಕೇಳಿ ಹೊರಗೆ ಬಂದೆ. ಒಂದು ಪಟ್ಟಿ ನಮ್ಮ ಓಣಿಯ ಅಡಿಯಲ್ಲೆಲ್ಲೋ ಬಿರುಕು ಬಿಟ್ಟಿತ್ತು. ಸೇತುವೆ ಒಂದು ಬದಿಗೆ ವಾಲಿತು. ರೊಟ್ಟಿಯ ಗಂಟುಗಳು, ಗಡಿಗೆಗಳು ಕಮರಿಗೆ ಉರುಳಿದವು. ಕೆಳಗೆ ಬಿದ್ದ ಸಪ್ಪಳ ನಮಗೆ ಕೇಳಲಿಲ್ಲ, ಅಷ್ಟು ಆಳ. ಹೆಂಗಸರು ಹಗ್ಗ ಹಿಡಿದು ಒಬ್ಬರ ಹಿಂದೊಬ್ಬರು ಕುಳಿತೇ ಸರಿಯುತ್ತ ದಂಡೆ ಸೇರಿದರು. ಜೀವ ಹೋಗಲಿಲ್ಲ. ದ್ಯಾಮವ್ವನ ಮುಂಗೈ ಮುರಿಯಿತು. ಅಂದಿನಿಂದ ಒಂದು ಸಲಕ್ಕೆ ಒಬ್ಬರು ಮಾತ್ರ, ಅದೂ ಹಗುರ ಹೊರೆಯೊಂದಿಗೆ ದಾಟಬೇಕೆಂದಾಯಿತು. ಓಣಿಯಲ್ಲಿ ಜನ ಒಂದೇ ಹೊತ್ತು ಉಣ್ಣತೊಡಗಿದರು.

ನಾನು ಆಚೆಗಿದ್ದೂ ಪಟ್ಟಿ ಬಿರಿದಿತ್ತು. ಹಾಗಾದರೆ ತಪ್ಪು ನನ್ನದಲ್ಲ ಎಂದು ಯಾರಾದರೂ ಅಂದಾರೆಂದು ಕಾದೆ. ದ್ಯಾಮವ್ವನೇ ಬಂದಳು, ಕೈಗೆ ಬಿದಿರ ಸೀಳು ಕಟ್ಟಿಕೊಂಡು. ನನ್ನ ಒಲೆಯ ಮುಂದೆ ಕೂತು, ಹಳೆಯ ಗೆಳತಿಯ ಹಾಗೆ ದನಿ ತಗ್ಗಿಸಿ, ಜೈತುನ್ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಓಣಿಗೆ ಒಯ್ಯುವುದನ್ನು ನೀನು ನೋಡಿದ್ದೀಯಾ ಎಂದು ಕೇಳಿದಳು. ನೋಡಿಲ್ಲ ಎಂದೆ. ನೆನಪು ಮಾಡಿಕೋ, ನೀನು ನೋಡಿದ್ದೇನೆಂದರೆ ನಿನ್ನ ಹೆಸರು ತೊಳೆದುಹೋಗುತ್ತದೆ ಎಂದಳು. ಅವಳೊಬ್ಬಳ ಮಾತಾಗಿರಲಿಲ್ಲ ಅದು. ಮುಂದಿನ ವಾರ ಪಂಚಾಯಿತಿ ಎಂದೂ ಹೇಳಿ ಎದ್ದು ಹೋದಳು.

ನಾನು ಕುಲುಮೆಗೆ ಹೋಗಿ ಗುರುಬಸಯ್ಯನವರನ್ನು ಕೇಳಿದೆ: ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಪಟ್ಟಿ ಕೆಡುತ್ತದೆಯೇ? ಅವರು ಲೋಹ ಕರಗಿಸುವ ಮೂಸೆ ಕೆಳಗಿಟ್ಟು ನನ್ನನ್ನು ನೋಡಿದರು.

"ಸಾದಾ ಕಬ್ಬಿಣದಾಗ ಅಣುಗಳು ಪಂಕ್ತಿ ಊಟಕ್ಕ ಕುಂತಂಗ ಕುಂತಿರ್ತಾವವ್ವ, ಸಾಲು ಹಿಡದು. ಇದರಾಗ ಹಂಗಿಲ್ಲ. ಕಾದ ರಸಾನ ತಣ್ಣನ ಕಲ್ಲಿನ ಮ್ಯಾಲ ಹೊಯ್ದು ಕಣ್ಣು ಮುಚ್ಚಿ ತೆಗಿಯೂದ್ರಾಗ ಆರಿಸ್ತೀವಿ. ಸಾಲು ಹಿಡ್ಯಾಕ ಅವಕ್ಕ ಹೊತ್ತ ಸಿಗೂದಿಲ್ಲ. ಸಂತ್ಯಾಗ ಮಂದಿ ನಿಂತಂಗ ನಿಂತಬಿಡ್ತಾವ, ನಡುನಡುವ ಸಂದು ಇರ್ತಾವ. ಭಾರ ಬಂದಾಗ ಆ ಸಂದಿನ್ಯಾಗ ಸರದು ಜಾಗ ಮಾಡ್ಕೊತಾವ, ಅದಕ್ಕ ಬಗ್ಗತೈತಿ. ಕಾಸಿದ್ರ ಮೆಲ್ಲಕ ಒತ್ತಿ ಕುಂತು ಸಂದು ಮುಚ್ಚಿಬಿಡ್ತಾವ. ಆಮ್ಯಾಲ ಸರ್ಯಾಕ ಜಾಗ ಇಲ್ಲ, ಬಿರೀತೈತಿ."

ಹಾಗಾದರೆ ಬೆಂಕಿಯೇ ಅಲ್ಲವೇ ಎಂದೆ.

"ಒಂದು ಒಲಿ, ಒಂದು ಇಸ್ತ್ರಿ, ಇವುಕ್ಕ ಏನೂ ಆಗೂದಿಲ್ಲ. ಹಾಸಗಲ್ಲು ದಪ್ಪ ಐತಿ. ಅದನ್ನ ಒತ್ತಿ ಹಿಡದದ್ದು ಬ್ಯಾರೆ ಐತಿ. ಮ್ಯಾಲ ಕಲ್ಲು ಹೇರೀರಿ, ಮಾಳಿಗಿ ಮ್ಯಾಲ ಮಾಳಿಗಿ. ಕಾಲುವಿ ಮುಚ್ಚಳಗಲ್ಲು ಕುಸದು ಪಟ್ಟಿ ಮ್ಯಾಲ ಕುಂತೈತಿ. ಬ್ಯಾಸಗಿ ಬಿಸಿಲಿಗೆ ಕಲ್ಲೂ ಕಾಯ್ತೈತಿ. ಬೆಚ್ಚಗ ಮಾಡಿ, ಮ್ಯಾಲ ಒತ್ತಿದ್ರ ಸಂದು ಎಲ್ಲಿ ಉಳೀತೈತಿ?" ಎಂದವರು, ನಾನು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದೇನೆ ಎಂಬುದೇ ವಿಚಿತ್ರವೆನ್ನುವ ಹಾಗೆ ಸೇರಿಸಿದರು: "ಮುರಿಗೆಪ್ಪಗ ಗೊತ್ತೈತೆಲ್ಲ."

ಆಮೇಲೆ ಒಂದೊಂದಾಗಿ ಹೊರಬಂತು. ಚೂರು ಮುರಿದ ಮೇಲೆ ನನ್ನ ಗಂಡ ದಿನಾ ಈ ಕುಲುಮೆಗೆ ಬರುತ್ತಿದ್ದರಂತೆ. ಚೂರುಗಳನ್ನು ಕೆಂಡದ ಹತ್ತಿರ ಇಟ್ಟು ನೋಡಿದರು, ಬಗ್ಗಿದವು. ಎಣ್ಣೆಗಾಣದ ಕಲ್ಲಿನಡಿ ಒತ್ತಿಟ್ಟು ನೋಡಿದರು, ಅವೂ ಬಗ್ಗಿದವು. ಗಾಣದ ಕಲ್ಲನ್ನು ಬಿಸಿಮಾಡಿ ಅದರಡಿ ಒತ್ತಿಟ್ಟು ತೆಗೆದಾಗ ಲಟಕ್ಕನೆ ಮುರಿದವು. ಇದೆಲ್ಲ ನಾನು ಈ ದಂಡೆಗೆ ಬರುವ ಮುಂಚೆಯೇ ಎಂದು ಗುರುಬಸಯ್ಯನವರು ಹೇಳಿದರು. ಚೆನ್ನವೀರಪ್ಪನವರೂ ಒಂದು ದಿನ ಜೊತೆಗೆ ಬಂದು ಕಣ್ಣಾರೆ ನೋಡಿ ಹೋಗಿದ್ದರಂತೆ.

ತೋಳಿನ ಮಸಿ, ಹಾಸುಗಲ್ಲಿನ ಮೇಲಿನ ಅಂಗೈ, ಮಾಳಿಗೆಯ ಮೆಟ್ಟಿಲಿನ ಹತ್ತಿರದ ಭಯ ಎಲ್ಲವೂ ಒಟ್ಟಿಗೆ ಅರ್ಥವಾದವು. ಅಂದು ಏನನ್ನೂ ಬೇಯಿಸಲಿಲ್ಲ. ಸಂಜೆಯ ಮುಂಚೆ ಸಿದ್ರಾಮ ಕಿಟಲಿ ತುಂಬಿಸಿಕೊಳ್ಳಲು ಬಂದಾಗ ಒಂದು ಮಾತು ಹೇಳಿ ಕಳಿಸಿದೆ. ಅದನ್ನು ಅವನಿಂದ ಎರಡು ಸಲ ಹೇಳಿಸಿ ಸರಿಯಾಯಿತೇ ಎಂದು ನೋಡಿಕೊಂಡೆ.

"ನಮ್ಮ ಮನಿಯವರಿಗೆ ಹೇಳು. ಕುಲುಮಿ ಮಾತು ನಂಗ ಗೊತ್ತಾತು. ಜೈತುನ್ ಹೆಸರು ಪಂಚಾಯ್ತ್ಯಾಗ ಬಂದ್ರ ನಾ ಸೇತುವಿ ನಡುವ ಬಂದು ಕುಂಡ್ರತೀನಿ. ನಾ ಏಳೂತನ ಯಾರಿಗೂ ಕೂಳಿಲ್ಲ."

ಮರುದಿನ ಬೆಳಿಗ್ಗೆ ಒಲೆಕೇರಿಯಿಂದ ನೋಡಿದರೆ ನನ್ನ ಗಂಡ ನಮ್ಮ ಮನೆಯ ನೆತ್ತಿಯ ಮೇಲಿದ್ದರು. ಹಾರೆ ಹಾಕಿ ಅತ್ತೆಯ ಕೋಣೆಯ ಗೋಡೆಯಿಂದ ಒಂದು ಕಲ್ಲು ಎಬ್ಬಿಸಿ, ಹೆಗಲ ಮೇಲೆ ಹೊತ್ತು ಇಳಿದು, ಗುಡ್ಡದ ಬುಡದಲ್ಲಿ ಹಾಕಿ, ಮತ್ತೆ ಹತ್ತಿದರು. ಯಾರಿಗೂ ಏನೂ ಹೇಳಿರಲಿಲ್ಲವಂತೆ. ಅತ್ತೆಯನ್ನು ಮುಂಚೆಯೇ ಇಳಿಸಿ ಓಣಿಯ ಕಟ್ಟೆಯ ಮೇಲೆ ಕೂರಿಸಿದ್ದರು. ಓಣಿಯವರೆಲ್ಲ ಸುತ್ತ ಸೇರಿದರು. ಗೋಡೆಯೊಳಗೆ ಗುಪ್ತ ಒಲೆ ಇತ್ತು, ಅದನ್ನು ಮಾಯ ಮಾಡುತ್ತಿದ್ದಾನೆ ಎಂದು ಒಬ್ಬರು; ಹೆಂಡತಿ ಅಲ್ಲಿ ಬಂಗಾರ ಹೂತಿದ್ದಳಂತೆ ಎಂದು ಒಬ್ಬರು. ಪ್ರತಿ ಕಲ್ಲು ಇಳಿದಾಗಲೂ ಅದನ್ನು ಹೊರಳಿಸಿ ಮಸಿ ಇದೆಯೇ ಎಂದು ನೋಡುವವರಿದ್ದರು. ಇದನ್ನೆಲ್ಲ ಜೈತುನ್ ಬಂದು ಬಂದು ಹೇಳುತ್ತಿದ್ದಳು. ಚೆನ್ನವೀರಪ್ಪನವರು ಬಂದು, ಇದೇನು ಹುಚ್ಚು, ಇಳಿ ಎಂದರಂತೆ. ಇವರು ಇಳಿದರು, ಕಲ್ಲು ಹೊತ್ತುಕೊಂಡೇ, ಅವರ ಪಕ್ಕದಿಂದ ಹಾದು ಹೋದರು.

ಮೂರನೆಯ ದಿನ ಕೋಣೆ ಪೂರ್ತಿ ಇಳಿಯಿತು. ಅವರು ಪಡಸಾಲೆಯ ಹಾಸುಗಲ್ಲು ಎಬ್ಬಿಸಿದರು. ಅಡಿಯ ಮುಚ್ಚಳಗಲ್ಲು ನಡುವೆ ಕುಸಿದು ಪಟ್ಟಿಯ ಮೇಲೆ ಎದೆಯೂರಿ ಮಲಗಿದ್ದನ್ನು ಓಣಿಯವರು ಬಗ್ಗಿ ಬಗ್ಗಿ ನೋಡಿದರು. ಅದರಡಿಯ ಒಂದು ಚೂರು ತೆಗೆದು ಎಲ್ಲರೆದುರು ಮುರಿದರು. ಕಾಲುವೆಯ ಬಾಯಲ್ಲಿ, ಮನೆಗಳ ಭಾರವಿಲ್ಲದ ಕಡೆಯಿಂದ ಇನ್ನೊಂದು ತೆಗೆದು ಬಗ್ಗಿಸಿದರು, ತುದಿಗೆ ತುದಿ ಮುಟ್ಟಿತು. ಆಗಲೇ ಅವರು ಬಾಯಿ ತೆರೆದದ್ದು. ಇದು ನನಗೆ ಮೊದಲೇ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು, ನನ್ನ ಹೆಂಡತಿ ಒಲೆ ಹಚ್ಚಿಲ್ಲ, ಯಾರೂ ಹಚ್ಚಿಲ್ಲ ಎಂದರು.

ಜನ ಒಪ್ಪಿಬಿಟ್ಟರು ಎಂದುಕೊಳ್ಳಬೇಡಿ. ಹೆಂಡತಿಯನ್ನು ಉಳಿಸಲು ಕಟ್ಟಿದ ಕಥೆ ಎಂದವರೇ ಹೆಚ್ಚು. ಒಬ್ಬಳು ಒಲೆ ಹಚ್ಚಿದಳೆಂದು ನಂಬುವುದು ಸುಲಭ, ಎಲ್ಲರೂ ತಂತಮ್ಮ ಮಾಳಿಗೆ ಕೀಳಬೇಕೆಂದು ನಂಬುವುದು ಕಷ್ಟ. ಮೊದಲು ಫಕೀರಸಾಬರು ಮೇಲೆ ಹತ್ತಿ ಹಾರೆ ಹಾಕಿದರು. ಅವರ ಕಲ್ಲು ಇಳಿದ ಮೇಲೆ ನೋಡಿದರೆ ಅಲ್ಲೂ ಮುಚ್ಚಳಗಲ್ಲು ಹಾಗೆಯೇ ಕುಸಿದಿತ್ತು. ಆಮೇಲೆ ದ್ಯಾಮವ್ವನ ಗಂಡ. ಹಸಿವೂ ಒಂದು ಕಡೆ ತಳ್ಳುತ್ತಿತ್ತೆನ್ನಿ. ಚೆನ್ನವೀರಪ್ಪನವರ ಮೇಲಿನ ಎರಡು ಅಂತಸ್ತು ಎಲ್ಲರದಕ್ಕಿಂತ ಕೊನೆಗೆ ಇಳಿದವು. ಅವರು ತಾವಾಗಿ ಇಳಿಸಲಿಲ್ಲ. ಓಣಿಯ ಗಂಡಸರು ಹೋಗಿ ಬಾಗಿಲಲ್ಲಿ ನಿಂತರು, ಆಗ ಚೆನ್ನವೀರಪ್ಪನವರೇ ಸಾಮಾನು ಹೊರಗಿಡಲು ಮನೆಯವರಿಗೆ ಹೇಳಿದರು.

ಭಾರ ತೆಗೆದರೂ ಪಟ್ಟಿ ಒಮ್ಮೆಗೇ ಸರಿಯಾಗಲಿಲ್ಲ. ಒತ್ತಿ ಕುಳಿತವು ಒತ್ತಿಯೇ ಕುಳಿತಿದ್ದವು. ಗುರುಬಸಯ್ಯನವರು ಗುಡ್ಡದ ಗವಿಯ ನೀರು ತರಿಸಿದರು. ಬೇಸಿಗೆಯಲ್ಲೂ ಕೈ ಇಟ್ಟರೆ ಮರಗಟ್ಟುವ ನೀರು ಅದು. ಬೆಳಿಗ್ಗೆ ತೆರೆದ ಕಾಲುವೆಗೆ ಅದನ್ನು ತುಂಬಿಸುವುದು, ಮಧ್ಯಾಹ್ನ ಹರಿಯಬಿಟ್ಟು ಪಟ್ಟಿಯನ್ನು ಬಿಸಿಲಿಗೆ ಬಿಡುವುದು, ಸಂಜೆ ಮತ್ತೆ ತುಂಬಿಸುವುದು. ಚಳಿಗೊಮ್ಮೆ, ಬಿಸಿಲಿಗೊಮ್ಮೆ ಕೆಣಕಿದರೆ ಒಳಗೆ ಮುದುರಿ ಕುಳಿತವು ಎದ್ದು ಕದಲುತ್ತವೆ ಎಂದರು. ಇಡೀ ಓಣಿ ಸರತಿಯಲ್ಲಿ ನೀರು ಹೊತ್ತಿತು. ಬಿರಿದ ಪಟ್ಟಿಯ ಬದಲು ಹೊಸದನ್ನು ಹೊಯ್ದು ಕೂಡಿಸಿದರು. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಸೇತುವೆಯ ಮೇಲೆ ಮತ್ತೆ ಗುಂಪಾಗಿ ಓಡಾಡತೊಡಗಿದರು.

ಆದರೆ ಗಾಳಿ ಮೂಸುವ ಚಾಳಿ ಪೂರ್ತಿ ಹೋಗಲಿಲ್ಲ ಎಂದು ಜೈತುನ್ ಹೇಳುತ್ತಿದ್ದಳು. ಅವಳ ಮಾವನ ಪೆಟ್ಟಿಗೆಯನ್ನು ಈಗಲೂ ಕೆಲವರು ಹಾದುಹೋಗುವಾಗ ಬೆರಳಿನಿಂದ ಮುಟ್ಟುತ್ತಾರಂತೆ, ನಗುತ್ತಲೇ.

ಮಾಳಿಗೆಯ ಕೋಣೆ ಹೋದ ಮೇಲೆ ಅತ್ತೆ ಪಡಸಾಲೆಯ ತಂಪಿನಲ್ಲಿ ಮಲಗಲಾರದೆ ಒದ್ದಾಡಿದರು. ಚಳಿಗಾಲದ ಒಂದು ಮಧ್ಯಾಹ್ನ ನನ್ನ ಗಂಡ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಸೇತುವೆ ದಾಟಿ ಬಂದರು. ನಾನು ಗುಡಿಸಲ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದೆ. ಅತ್ತೆಯನ್ನು ಒಲೆಯ ಬಳಿ ಇಳಿಸಿದರು. ಅವರು ಎರಡೂ ಕೈಗಳನ್ನು ಬೆಂಕಿಯ ಕಡೆ ಚಾಚಿ, ನನ್ನ ಬಾಯಿಂದಲೇ ನಿನಗೆ ಇಷ್ಟೆಲ್ಲ ಆಯಿತಲ್ಲ ಎಂದು ಅಳತೊಡಗಿದರು. ನೀವು ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ ಅತ್ತೆ, ಅಷ್ಟೇ, ಎಂದೆ. ಕುಡಿಯಲು ನೀರು ಕೊಟ್ಟೆ. ಅವರು ಒಲೆಯ ಪಕ್ಕದಲ್ಲೇ ನಿದ್ದೆಹೋದರು.

ಗಂಡ ಹೊರಗೆ ನಿಂತಿದ್ದರು. ಹೆಗಲ ಮೇಲೆ ಕಲ್ಲು ಹೊತ್ತ ಗಾಯದ ಕಲೆ ಇನ್ನೂ ಮಾಸಿರಲಿಲ್ಲ. ಚೆನ್ನವೀರಪ್ಪನವರು ಏನೆಂದಿದ್ದರು ಎಂದು ಅವರೇ ಹೇಳಿದರು. ಭಾರ ಅಂದರೆ ಓಣಿಯೆಲ್ಲ ಮಾಳಿಗೆ ಕಳೆದುಕೊಳ್ಳುತ್ತದೆ, ಒಲೆ ಅಂದರೆ ಒಬ್ಬಳು ಒಂದು ಹಂಗಾಮು ಆಚೆ ಇರುತ್ತಾಳೆ, ಯಾವುದು ಹಗುರ ನೀನೇ ತೂಗು, ಎಂದಿದ್ದರಂತೆ. ಚಳಿ ಬಂದರೆ ಪಟ್ಟಿ ತಾನೇ ಸುಧಾರಿಸುತ್ತದೆ, ಆಗ ಕರೆದುಕೊಂಡು ಬಂದರಾಯಿತು ಎಂದು ಇವರೂ ತೂಗಿದ್ದರು.

"ಮನೀಗೆ ಬಾ, ಬಾಳವ್ವ" ಎಂದರು. "ಈಗ ಯಾರಿಗೂ ನಿನ್ನ ಮ್ಯಾಲ ಅನುಮಾನ ಇಲ್ಲ."

ಮೊರದಲ್ಲಿದ್ದ ಕಾಳನ್ನು ನಾನು ಒಂದು ಬದಿಗೆ ಸರಿಸಿದೆ. "ನಿಮಗ ನನ್ನ ಮ್ಯಾಲ ಅನುಮಾನ ಐತಿ ಅಂತ ಅನ್ಕೊಂಡು ಆವತ್ತು ಸೇತುವಿ ದಾಟಿದೆ" ಎಂದೆ. "ಅನುಮಾನ ಇದ್ದಿದ್ರ ಇವತ್ತು ಬರ್ತಿದ್ನಿರಿ. ನಿಮಗ ಅನುಮಾನ ಇರಲಿಲ್ಲ."

ಒಳಗೆ ಅತ್ತೆಯ ಉಸಿರು ಸಲೀಸಾಗಿ ಕೇಳುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಎದ್ದು ಹೋಗಿ ತೆಗೆದು, ತಾಟಿನಲ್ಲಿ ಹಾಕಿ ಅವರ ಮುಂದೆ ಇಟ್ಟೆ. ಆರುವವರೆಗೆ ಕಾಯುವುದು ಅವರಿಗೆ ತಿಳಿಯದು. ಮುರಿಯಲು ಹೋಗಿ ಬೆರಳು ಸುಟ್ಟುಕೊಂಡರು. ಈಗಲೂ ದಿನಾ ದಾಟಿ ಬಂದು ಇಲ್ಲೇ ಉಂಡು ಹೋಗುತ್ತಾರೆ. ನಾನು ಬಡಿಸುತ್ತೇನೆ.